ಹತ್ತು ಕೊಡ

ಕೇಳ್ರಪ್ಪೋ ಕೇಳ್ರಿ! ಈ ಕುಂತಿರೋ ಮಣ್ಣಾಣೆಗೂ, ನನ್ನ ಬಾಯಲ್ಲಿ ಉಳಿದಿರೋ ಮೂರು ಹಲ್ಲಾಣೆಗೂ ಇದು ನಡೆದಿದ್ದೇ. ಸುಳ್ಳು ಅನ್ನೋನು ಈಗ್ಲೇ ಎದ್ದು ಹೋಗ್ಲಿ. ಹಿಂಗೆ ಕತೆ ಹೇಳೋನು ಏಳೂರಲ್ಲಿ ಇನ್ನೊಬ್ಬ ಇಲ್ಲ.

ಒಂದು ರಾಜ್ಯ. ಹೆಸರು ಕೇಳ್ಬೇಡಿ, ಹೇಳಿದ್ರೆ ಅದಕ್ಕೂ ಸುಂಕ ಹಾಕ್ತಾರೆ. ಅಲ್ಲೊಬ್ಬ ಹೊಂಬಾಳಯ್ಯ, ಸಣ್ಣ ಹೆಂಡದಂಗಡಿಯೋನು. ಅಂಗಡಿ ಹಿಂದೇನೇ ಈಚಲುಮರ. ಮರದಿಂದ ಇಳಿದ ಹೆಂಡ ಹತ್ತು ಹೆಜ್ಜೆಗೆ ಅಂಗಡಿ ಸೇರೋದು. ಸಂತೆಗೆ ಹತ್ತು ಕೊಡ ಖರ್ಚಾಗೋದು, ಸಂಸಾರ ನಡೆಯೋದು.

ರಾಜ ಡಂಗೂರ ಹೊಡೆಸ್ದ. "ಇನ್ಮೇಲೆ ಹೆಂಡವೆಲ್ಲ ಸರ್ಕಾರಿ ಉಗ್ರಾಣಕ್ಕೆ ಬರ್ಬೇಕು, ಉಗ್ರಾಣದಿಂದ ಅಂಗಡಿಗೆ ಹೋಗ್ಬೇಕು. ಒಂದ್ಸಲಕ್ಕೆ ನೂರು ಕೊಡಕ್ಕೆ ಕಮ್ಮಿ ಕೊಡೋಹಂಗಿಲ್ಲ. ಮೂರು ಸಂತೆ ಬಾಗಿಲು ಹಾಕಿದ ಅಂಗಡಿ, ಸರ್ಕಾರಕ್ಕೆ ಕಟ್ಟಿದ ಮುಂಗಡ ಸಮೇತ ಮುಟ್ಟುಗೋಲು!"

ನೋಡಿ ನ್ಯಾಯಾನ! ಹತ್ತು ಹೆಜ್ಜೆ ಹೆಂಡ ಮೂರು ಗಾವುದ ಹೋಗಿ ಬರ್ಬೇಕು. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದಂಗೆ.

ಮೊದಲ ಸಂತೆ. ಹೊಂಬಾಳಯ್ಯ ಉಗ್ರಾಣದ ಪಾರುಪತ್ತೇಗಾರನ ಮುಂದೆ ನಿಂತ.

"ಬುದ್ಧಿ, ಹತ್ತು ಕೊಡ."

"ನೂರು ತಗೋ."

"ಮೂರು ದಿನಕ್ಕೆ ಹುಳಿ ಆಯ್ತದೆ ಬುದ್ಧಿ. ಮಿಕ್ಕ ತೊಂಬತ್ತನ್ನ ಸತ್ತ ನಮ್ಮಪ್ಪ ಎದ್ದು ಬಂದು ಕುಡೀತಾನಾ?"

"ದೊಡ್ಡಂಗಡಿ ಸಾವ್ಕಾರ್ರು ಇನ್ನೂರು ಒಯ್ದರು, ಸೊಲ್ಲೆತ್ತಲಿಲ್ಲ. ಕಾನೂನು ಅವರಿಗೂ ಒಂದೇ, ನಿನಗೂ ಒಂದೇ."

"ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಅಂತಾರೆ. ನೀವು ಆನೆ ಭಾರಾನೇ ಇರುವೆ ಮೇಲೆ ಹೊರ್ಸಿದ್ದೀರಿ."

ಬರಿಗೈಲಿ ಬಂದ. ಬಾಗಿಲು ಹಾಕ್ದ.

ಎರಡನೇ ಸಂತೆ. ತನ್ನಂಥ ಒಂಬತ್ತು ಜನ ಸಣ್ಣಂಗಡಿಯೋರನ್ನ ಕಟ್ಕೊಂಡು ಹೋದ. "ಹತ್ತತ್ತು ಸೇರಿ ನೂರಾಯ್ತು, ಕೊಡಿ ಬುದ್ಧಿ."

"ಒಂದು ಚೀಟಿಗೆ ಒಂದೇ ಅಂಗಡಿ. ನಡೀರಿ!"

ಮತ್ತೆ ಬರಿಗೈ. ಮತ್ತೆ ಬಾಗಿಲು.

ಹೆಂಡ್ತಿ ಸಣ್ಣತಾಯಮ್ಮ ಅಂದ್ಲು, "ಇಲ್ಲಿ ಕುಂತು ಮೀಸೆ ತಿರುವಿದ್ರೆ ಮಡಕೆ ತುಂಬ್ತದಾ? ಹೋಗು, ರಾಜನ್ನೇ ಕೇಳು."

ಅರಮನೆ ಎರಡು ದಿನದ ದಾರಿ. ನಡೆದ. ರಾಜನ ಕಾಲಿಗೆ ಬಿದ್ದು ಎಲ್ಲಾ ಹೇಳ್ದ. ರಾಜ ಒಳ್ಳೆಯೋನೇ. "ಅಯ್ಯೋ, ಹೌದಲ್ಲ! ಇವನಿಗೆ ಹತ್ತು ಬರ್ಕೊಡ್ರಯ್ಯಾ" ಅಂದು ಊಟಕ್ಕೆ ಎದ್ದ.

ಅರಮನೆ ಕರಣಿಕ ಓಲೆ ಬರೆಯೋ ಕಂಠ ಹಿಡ್ಕೊಂಡು ಕೇಳ್ದ, "ಬರೀ ಕೊಡ ಅಂತ ಬರೀಲೋ, ಕೊಡ ಹೆಂಡ ಅಂತ ಬರೀಲೋ?"

ಓದು ಬಾರದ ಹೊಂಬಾಳಯ್ಯ ನಕ್ಕ. "ನಮ್ಮ ಕಸುಬಲ್ಲಿ ಕೊಡ ಅಂದ್ರೆ ಹೆಂಡಾನೇ ಸ್ವಾಮಿ, ಗಂಗಾಜಲ ಅಲ್ಲ. ನಮ್ಮ ತಾತನ ಕಾಲದಿಂದ ಹಂಗೇ. ಸಂತೆ ಹತ್ರ ಬಂತು, ಬೇಗ ಬರೀರಿ!"

ಕರಣಿಕ ಬರೆದ: 'ಹೊಂಬಾಳಯ್ಯನಿಗೆ ಹತ್ತು ಕೊಡ.' ಮುದ್ರೆ ಒತ್ತಿದ.

ಮೂರನೇ ಸಂತೆ. ಹೊಂಬಾಳಯ್ಯ ಎದೆ ಉಬ್ಬಿಸ್ಕೊಂಡು ಓಲೆ ಚಾಚ್ದ. ಪಾರುಪತ್ತೇಗಾರ ಒಂದ್ಸಲ ಓದ್ದ, ಎರಡ್ಸಲ ಓದ್ದ, ಮೂರನೇ ಸಲ ಓದಿ ಮೀಸೆಯಡಿ ನಕ್ಕ.

"ಸರಿಯಾಗೇ ಐತೆ. ಹೊಂಬಾಳಯ್ಯನಿಗೆ ಹತ್ತು ಕೊಡ."

"ಮತ್ತೆ ಕೊಡಿ ಬುದ್ಧಿ!"

"ಕೊಡ ಅಂತ ಬರೆದೈತಲ್ಲೋ. ಕೊಡ ಅಂದ್ರೆ ಕೊಡೋದಿಲ್ಲ ಅಂತ. ದೇವರು ವರ ಕೊಟ್ರೂ ಪೂಜಾರಿ ಕೊಡ! ಗಾದೆ ಕೇಳಿಲ್ವಾ? ಆ ಪೂಜಾರಿ ಕೈಲಿ ಯಾವ ಮಡಕೆ ಇತ್ತು?"

"ಇದು ಮಡಕೆ ಬುದ್ಧಿ! ಮಡಕೆ ಕೊಡ!"

"ಹಂಗಾದ್ರೆ ಮಡಕೆ ಅಂತ ಬರೆಸ್ಕೊಂಡು ಬಾ."

ಅರಮನೆ ಎರಡು ದಿನ. ಸಂತೆ ಅವತ್ತೇ. ಏನು ಮಾಡ್ತಾನೆ, ಹೇಳಿ? ರಾಜನೇ ಕೊಟ್ಟ, ಕೊಟ್ಟ ಮಾತೇ ಕೊಡೋದಿಲ್ಲ ಅಂತು!

ಹೊತ್ತು ಮುಳುಗೋದ್ರೊಳಗೆ ಅಂಗಡಿಗೆ ಸರ್ಕಾರಿ ಬೀಗ ಬಿತ್ತು. ಬೆಳಗಾಗಿ ನೋಡಿದ್ರೆ ಬೀಗದ ಕೈ ಯಾರ ಸೊಂಟದಲ್ಲಿ? ದೊಡ್ಡಂಗಡಿ ಸಾವ್ಕಾರನ ಸೊಂಟದಲ್ಲಿ.

ಕುಡಿದೋರು ಅಲ್ಲಿ ತಣ್ಣಗವ್ರೆ, ಕತೆ ಹೇಳ್ದೋನ ಬಾಯಿ ಇಲ್ಲಿ ಒಣಗೈತೆ. ಅಂಗಡಿ, ಮುಂಗಡ ಎಲ್ಲಾ ಸೇರಿ ಹೊಂಬಾಳಯ್ಯಂಗೆ ಹೋದದ್ದೆಷ್ಟು ಅಂದ್ರಾ? ನೂರಾ ಹದಿನೇಳು ರೂಪಾಯಿ, ಐದಾಣೆ, ಮೂರು ಕಾಸು.