ಹುಣಸೆಬೀಜದ ಗಂಜಿ

ಯಾಕ್ ನಗ್ತೀರಿ ಬಾವ? ನಾನೇನು ಕಟ್ಟಿ ಹೇಳ್ತಿದೀನಾ? ಮಿದುಳೊಳಗೆ ನಕ್ಷತ್ರ ಅವೆ ಅಂದನಪ್ಪ, ಆ ದುರ್ಗದ ಡಾಕ್ಟ್ರು! ಮೂಗಿನ ತುದಿಗೆ ಕನ್ನಡಕ ಇಳಿಸ್ಕಂಡು! ಆಕಾಶದಾಗೆ ಇರೋವು ಸಾಲದೇ ಹೋದ್ವೇನೋ... ಕುಂತ್ಕಳ್ರಿ. ಅಯ್ಯೋ, ಅಲ್ಲಿ ಬ್ಯಾಡ! ಅದು ಗದ್ದಿಗೆ ಕಂಬಳಿ. ನಿಮ್ಮ ತಮ್ಮನೇ ಇನ್ನೂ ಈ ಹಟ್ಟಿಗೆ ಗುರಿಕಾರ, ಬೆಡಗು ನೋಡಿ ಮದುವೆಗೆ ಹೂಂ ಅನ್ನೋರು ಅವರೇ. ಕಂಬಳಿ ಇನ್ನೂ ಅವರ ಕೆಳಗೇ ಐತೆ. ಅದನ್ನ ಎಳ್ಕಂಡು ಹೋಗಾಕೇ ತಾನೆ ನೀವು ಬಂದಿರೋದು? ದೊಡ್ಡತಿಮ್ಮಪ್ಪ ಬಾವ ಹಿರಿಯೂರು ಸಂತೆ ಬಿಟ್ಟು ಇತ್ಲಾಗೆ ತಿರುಗವ್ರೆ ಅಂದ್ರೆ ನನಗೆ ಗೊತ್ತಾಗಲ್ವಾ!

ಅವರಾ? ಚೆನ್ನಾಗವ್ರೆ. ಅಗೋ, ಗೋಡೆಗೆ ಒರಗಿ ಕುಂತವ್ರಲ್ಲ, ನೀವೇ ನೋಡ್ರಿ. ಮಾತು ಕಮ್ಮಿ, ಅಷ್ಟೇ. ನಿಮ್ಮ ವಂಶದಾಗೆ ಒಬ್ಬರಾದ್ರೂ ಮಾತು ಕಮ್ಮಿ ಆಗ್ಲಿ ಬಿಡ್ರಿ, ಊರು ತಣ್ಣಗಿರ್ತೈತೆ.

ತಡೀರಿ, ಈ ಗಂಜಿ ಕೈಯಾಡಿಸದಿದ್ರೆ ತಳ ಹಿಡೀತೈತೆ. ಹುಣಸೆಬೀಜ ಹುರಿದು, ಬೀಸಿ, ಬೆಳಗಿಂದ ಕುದಿಸ್ತಾ ಇದೀನಿ. ಮಗ್ಗದ ಮೇಲೆ ನಾಳೆ ಹೊಸ ಹಾಸು, ಉದ್ದೆಳೆಗೆಲ್ಲ ಇದನ್ನ ಕುಡಿಸಬೇಕು.

ಹಾಂ, ಡಾಕ್ಟ್ರು... ಮದರಾಸಲ್ಲಿ ಓದಿದ್ನಂತೆ. ಕುರಿ ಮಿದುಳಿನ ಪೊರೆಯಂಥ ಚೂರಿಗೆ ಬಣ್ಣ ಹಾಕಿ ಗಾಜಿನ ಮೇಲೆ ಅಂಟಿಸಿ ಇಟ್ಟವ್ನೆ. ಕುರಿ ಮಿದುಳು ಬಾವ! ನಾವು ಮೆಣಸು ಹಾಕಿ ಹುರಿಯೋದಕ್ಕೆ ಇವನು ಬಣ್ಣ ಹಾಕವ್ನೆ! ಕೊಳವೇಲಿ ಕಣ್ಣಿಟ್ಟು ನೋಡಜ್ಜಿ ಅಂದ. ನೋಡಿದೆ. ನಕ್ಷತ್ರ ಎಲ್ಲಿಂದ ಬರಬೇಕು, ಜೇಡ! ಕೈಕಾಲು ಚಾಚ್ಕಂಡು ಕುಂತಿರೋ ಜೇಡ. ಒಂದು ಕಾಲು ರಕ್ತದ ನಾಳದ ಮೇಲಂತೆ, ಇನ್ನೊಂದು ನರದ ಎಳೆ ಮೇಲಂತೆ. ಅಲ್ಲಿಂದ ಅನ್ನ ತಂದು ಇಲ್ಲಿ ಉಣಿಸ್ತೈತೇನೋ, ಎಳೆ ಬಿಟ್ಟ ಕಸಾನೂ ಬಳೀತೈತೇನೋ ಅಂತ ಕೆಲವು ಪಂಡಿತರು ಈಗ ಅಂತಾರಂತೆ. ನೆನಪು, ಮಾತು, ಬುದ್ಧಿ ಎಲ್ಲಾ ಎಳೆದೇ ಅಂತೆ. ಹಂಗಾದ್ರೆ ಇದಕ್ಕೇನಪ್ಪ ಹೆಸರು ಅಂದೆ. ಅಂಟು ಅಂದ! ದೊಡ್ಡ ದೊಡ್ಡೋರೆಲ್ಲ ಇಷ್ಟು ವರ್ಷ ಅದನ್ನ ಬರೀ ಅಂಟು ಅಂದ್ಕಂಡಿದ್ರಂತೆ!

ಥೂ! ಅಂಟಂತೆ! ಕಂಬಳಿ ಚೆಂದ ಐತೆ ಅಂತ ನೇದೋನ ಬೆನ್ನು ತಟ್ತೀರಿ. ಈ ಗಂಜಿ ಕುಡೀದಿದ್ರೆ ಒಂದು ಎಳೆ ಮಗ್ಗದ ಮೇಲೆ ನಿಲ್ತೈತಾ? ಪಟಪಟ ಅಂತ ಹರೀತೈತೆ. ಗಂಜಿ ಮಾಡಿದೋಳ ಹೆಸರು ಯಾವನಾದ್ರೂ ಎತ್ತವ್ನಾ? ...ಕೆಮ್ಮಬ್ಯಾಡ್ರಿ. ನಾನು ನನ್ನ ಮಾತು ಆಡ್ತಿಲ್ಲ. ಡಾಕ್ಟ್ರ ಮಾತು ಆಡ್ತಿದೀನಿ.

ಏನಂದ್ರಿ? ಜುಂಜಪ್ಪನ ಮನೆಯೋರು ಮದುವೆ ಕೇಳಾಕೆ ಇಟ್ಟ ವೀಳ್ಯವಾ? ಎತ್ತಿದ್ರಾ ಅದನ್ನ! ಗಂಡು ಆನೆ ಬೆಡಗು, ಹೆಣ್ಣೂ ಆನೆ ಬೆಡಗು. ಒಂದೇ ಬೆಡಗಂದ್ರೆ ಅಣ್ಣ ತಂಗಿ. ಇವರು ಆಗ್ತೈತೆ ಅಂದ್ಬಿಟ್ರು. ದುರುಗಕ್ಕಜ್ಜಿ ಎದೆ ಬಡ್ಕಂಡು ಕೂಗದಿದ್ರೆ ಅರಿಶಿಣ ಕುಟ್ಟೇ ಬಿಡ್ತಿದ್ರು. ತಪ್ಪಿದ್ದು ಒಂದು ಸಲ ಬಾವ, ಒಂದೇ ಒಂದು ಸಲ! ಅವತ್ತು ನಾನು ತಾಳ್ಯಕ್ಕೆ ಹೋಗಿದ್ದೆ, ನಮ್ಮಕ್ಕ ತೀರಿಕೊಂಡಿದ್ಲು, ಮನೇಲಿ ಇರಲಿಲ್ಲ ನಾನು...

ಏನಿಲ್ಲ. ನಾನಿದ್ರೇನು, ಇಲ್ದಿದ್ರೇನು? ಹೊಳಲ್ಕೆರೆ ಕಡೆಯಿಂದ ಬಂದೋಳಿಗೆ ಇಲ್ಲಿನ ಬೆಡಗು ಏನು ಗೊತ್ತು! ಬಾಗಿಲ ಹಿಂದೆ ನೂಲು ತೆಗೀತಾ ಕುಂತಿರ್ತೀನಿ. ಅಷ್ಟೇ.

ಇನ್ನೊಂದು ಅಂದ ಬಾವ ಆ ಡಾಕ್ಟ್ರು ಹುಡುಗ. ಎಳೆ ಒಣಗ್ತಾ ಬಂದ್ರೆ ಆ ಅಂಟು ಊದ್ಕಂತೈತಂತೆ. ಊದಿ, ಎಳೆ ಇದ್ದ ಜಾಗಾನೆಲ್ಲ ತುಂಬ್ಕಂಡು, ಗಾಯದ ಕಲೆ ಹಂಗೆ ಗಟ್ಟಿಯಾಗ್ತೈತಂತೆ. ಇವರನ್ನ ತೋರಿಸಿದಾಗ, ಇವರ ತಲೇಲೂ ಹಂಗೇ ಆಗಿರಬೋದು ಅಂದ. ಅದು ಕಾಯಾಕೋ ಕೊಲ್ಲಾಕೋ ಅಂತ ಕೇಳಿದೆ. ಗೊತ್ತಿಲ್ಲ ಅಜ್ಜಿ ಅಂದ. ಗೊತ್ತಿಲ್ಲವಂತೆ! ಅಷ್ಟು ಓದಿ! ...ಹಂಗ್ಯಾಕೆ ನೋಡ್ತೀರಿ? ನಾನು ಯಾರ ಜಾಗಾನೂ ತುಂಬಿಲ್ಲ.

ಸರಿ, ಕೇಳ್ರಿ. ವೀಳ್ಯ ತಂದೇ ಬಂದೀರಲ್ಲ, ಅವರ ಮುಂದೆ ಇಡ್ರಿ. ಯಲ್ಲಕ್ಕನ ಮೊಮ್ಮಗಳಿಗೂ ತುರುವನೂರು ಹುಡುಗನಿಗೂ ಕೂಡ್ತೈತಾ ಅಂತ ತಾನೆ? ಇದೂ ಒಂದು ಪ್ರಶ್ನೆಯಾ! ಅವರು ನಿದ್ದೇಲೂ ಹೇಳ್ತಾರೆ. ಹೇಳ್ರೀ... ಬಾವ ಕೇಳ್ತಾವ್ರೆ. ಹುಡುಗೀದು ಯಾವ ಬೆಡಗು?

...ಅಯ್ಯಯ್ಯೋ, ಎಲೆ ಬಾಯಿಗೆ ಹಾಕ್ಕಬ್ಯಾಡ್ರಿ! ಮುಟ್ಟಿ ಇಡಬೇಕು, ಉಗೀರಿ, ಉಗೀರಿ ಕೈಗೆ... ಹಸಿವಾಗೈತೆ ಬಾವ, ಬೆಳಗಿಂದ ಮುದ್ದೆ ಉಂಡಿಲ್ಲ, ಅದಕ್ಕೇ. ನಗಬ್ಯಾಡ್ರಿ.

ನಗ್ತಿಲ್ವಾ? ಮತ್ತೆ... ಏನಾದ್ರೂ ಅನ್ರಿ. ಬೈಯೋದಾದ್ರೂ ಬೈರಿ. ತಡೀರಿ, ಗಂಜಿ ಒಲೆಯಿಂದ ಇಳಿಸ್ತೀನಿ, ಅಷ್ಟರಾಗೆ ಹೇಳ್ತಾರೆ...

ಬೆಳ್ಳಿ! ಹುಡುಗೀದು ಬೆಳ್ಳಿ ಬೆಡಗು. ಅವರಜ್ಜಂದು ಕೂಡ. ಹುಡುಗಂದು ಸಾಮಂತಿ. ಅವನ ತಾಯಿ ಕಡೇದು ಆನೆ. ಎಲ್ಲೂ ತಾಕಲ್ಲ. ಕೂಡ್ತೈತೆ, ಮಾಡ್ಕಳ್ಳಿ.

ಅವರೇ ಅಂದಿದ್ದು ಬಾವ. ನಿಮಗೆ ಕೇಳಿಸ್ಲಿಲ್ವಾ? ತುಟಿ ಅಲ್ಲಾಡ್ತಲ್ಲ, ನೋಡ್ಲಿಲ್ವಾ ನೀವು? ಅಲ್ಲಿ ನೋಡ್ರಿ, ಅವರ ಕಡೆ...

ಯಾಕ್ ಬಾವ, ನನ್ನ ತುಟಿ ಯಾಕ್ ನೋಡ್ತೀರಿ?