ಬಾವುಟ ಹಿಡಿದವಳ ತಿದ್ದುಪಡಿ

ಬೆಳೆಗಾರರ ಸಂಘದ ಮಾನ್ಯ ಅಧ್ಯಕ್ಷರೇ, ಅವರ ಬಲಗಡೆ ಆಸೀನರಾಗಿರುವ ಕೃಷಿ ಅಧಿಕಾರಿಗಳೇ, ಎಡಗಡೆ ಪ್ಲಾಸ್ಟರು ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ನಾನೇನು ಹೇಳಿಬಿಡುತ್ತೇನೋ ಎಂದು ದಿಗಿಲಿನಿಂದ ನೋಡುತ್ತಿರುವ ಇಂದಿನ ಸನ್ಮಾನಿತನೇ, ಹಿಂದಿನ ಸಾಲಿನಲ್ಲಿ ಮಾತಾಡುತ್ತಿರುವವರೂ ಸೇರಿದಂತೆ ಸಮಸ್ತ ಸಭಿಕರೇ,

ಎರಡು ಮಾತಿನಲ್ಲಿ ಮುಗಿಸಬೇಕೆಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಜೀವಮಾನವೆಲ್ಲ ಪಾಠ ಹೇಳಿದವಳಿಗೆ ಎರಡೇ ಮಾತು ಎನ್ನುವುದು, ಅಡುಗೆಯವನಿಗೆ ರುಚಿ ನೋಡಬೇಡ ಎಂದಂತೆ. ಆದರೂ ಪ್ರಯತ್ನಿಸುತ್ತೇನೆ.

ಸನ್ಮಾನಿತನು ನನ್ನ ತಮ್ಮ. ಹೆತ್ತವರು ಬೇಗ ಕಣ್ಮುಚ್ಚಿದ್ದರಿಂದ ಅವನನ್ನು ಬೆಳೆಸಿದವಳೂ ನಾನೇ, ಅವನಿಗೆ ಪಾಠ ಹೇಳಿದವಳೂ ನಾನೇ. ಹಾಜರಿ ಕರೆಯುವಾಗ ಅವನು ಕಿಟಕಿಯಾಚೆ ಹಕ್ಕಿ ನೋಡುತ್ತಿದ್ದ. ತಮ್ಮನೆಂಬ ರಿಯಾಯಿತಿ ನನ್ನ ತರಗತಿಯಲ್ಲಿರಲಿಲ್ಲ. ಅವನ ಉತ್ತರ ಬರುವವರೆಗೆ ನಾನು ಮುಂದಿನ ಹೆಸರು ಕರೆಯುತ್ತಿರಲಿಲ್ಲ. ಇಡೀ ತರಗತಿ ಕಾಯುತ್ತಿತ್ತು.

ಮುಂದೆ ಅವನು ಬೆಳೆಗೆ ಔಷಧಿ ಸಿಂಪಡಿಸುವ ವಿಮಾನದ ಪೈಲಟ್ ಆದ. ನಾನು ನಿವೃತ್ತಳಾದ ಮೇಲೆ ಅವನಿಗಾಗಿ ಬಾವುಟ ಹಿಡಿದೆ. ತಿಳಿಯದವರಿಗಾಗಿ ವಿವರಿಸುತ್ತೇನೆ. ಯಾವ ಸಾಲಿನ ಮೇಲೆ ಹಾರಬೇಕೆಂದು ತೋರಿಸಲು ಹೊಲದ ತುದಿಯಲ್ಲಿ ಒಬ್ಬರು ಬಾವುಟ ಎತ್ತಿ ನಿಲ್ಲಬೇಕು. ವಿಮಾನ ಆ ಬಾವುಟಕ್ಕೆ ನೇರವಾಗಿ ಬರುತ್ತದೆ. ಗುರುತು ಕಂಡಿತೆಂದು ತಿಳಿಸಲು ನನ್ನ ತಮ್ಮ ರೆಕ್ಕೆಯನ್ನೊಮ್ಮೆ ಬಾಗಿಸುತ್ತಿದ್ದ. ಆಗ ನಾನು ಮುಂದಿನ ಸಾಲಿಗೆ ಸರಿಯುತ್ತಿದ್ದೆ. ಹಿಂದೆ ಈ ಕೆಲಸ ಮಾಡುತ್ತಿದ್ದವರು ಬಾವುಟವನ್ನು ಸೊಟ್ಟಗೆ ಹಿಡಿಯುತ್ತಿದ್ದರು. ಸೊಟ್ಟ ಸಾಲು ನನಗಾಗದು, ಅದಕ್ಕೇ ಹೋದೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಮನೆಯಲ್ಲಿ ಕುಳಿತು ಎಂಜಿನ್ ಸದ್ದಿಗೆ ಕಿವಿಗೊಡುವುದಕ್ಕಿಂತ, ಬಿಸಿಲಲ್ಲಿ ನಿಂತು ಸುತ್ತುಸುತ್ತಿಗೂ ಆ ರೆಕ್ಕೆ ಬಾಗುವುದನ್ನು ನೋಡುವುದು ಸುಲಭವಾಗಿತ್ತು. ಅದಿರಲಿ.

ಈಗ ತಿದ್ದುಪಡಿಗೆ ಬರುತ್ತೇನೆ. ಆಹ್ವಾನ ಪತ್ರಿಕೆಯಲ್ಲಿ ಹೀಗೆ ಅಚ್ಚಾಗಿದೆ: “ಎಂಜಿನ್ ಕೈಕೊಟ್ಟ ಸಂಕಟದಲ್ಲೂ, ಕೆರೆಯ ನೀರು ಕೆಡಬಾರದೆಂದು ವಿಮಾನದ ತೊಟ್ಟಿಯ ಔಷಧಿಯನ್ನು ಸುರಿಯದ ಧೀರ.” ವಾಕ್ಯ ಸುಂದರವಾಗಿದೆ. ಆದರೆ ತಪ್ಪಾಗಿದೆ. ಕೆರೆಯಿರುವುದು ಪಶ್ಚಿಮಕ್ಕೆ. ವಿಮಾನ ಬರುತ್ತಿದ್ದುದು ಪೂರ್ವಕ್ಕೆ. ಕೆರೆ ಅವನ ಬೆನ್ನ ಹಿಂದಿತ್ತು. ಮುಂದೆ ಇದ್ದವಳು ನಾನು.

ಎಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ನಿಂತೇಹೋಯಿತು. ಅವನಿದ್ದ ಎತ್ತರ ಮನೆಯ ಮಾಡಿಗಿಂತ ತುಸು ಹೆಚ್ಚು, ಅಷ್ಟೆ. ಅಂಥ ಹೊತ್ತಿನಲ್ಲಿ ಲಿವರ್ ಎಳೆದು ಇಡೀ ತೊಟ್ಟಿಯನ್ನು ಖಾಲಿ ಮಾಡಬೇಕೆಂಬುದು ಅವರ ಕಸುಬಿನ ಮೊದಲ ಪಾಠ. ಹಗುರಾದ ವಿಮಾನ ಬದುವನ್ನು ದಾಟಿ, ಆಚೆಯ ಕೊಯ್ದ ಹೊಲದಲ್ಲಿ ಇಳಿದೀತು. ಆದರೆ ಆ ವಿಷವೆಲ್ಲ ಬೀಳುತ್ತಿದ್ದುದು ಬಾವುಟ ಹಿಡಿದವಳ ನೆತ್ತಿಯ ಮೇಲೆ. ಬೇರೆ ಯಾರೇ ಆಗಿದ್ದರೂ ಓಡುತ್ತಿದ್ದರು. ನಾನೇಕೆ ಓಡಲಿಲ್ಲ? ಧೈರ್ಯವೇ? ಅಲ್ಲ. ರೆಕ್ಕೆ ಬಾಗಿರಲಿಲ್ಲ. ಉತ್ತರ ಬಾರದೆ ನಾನು ಕದಲುವವಳಲ್ಲ. ಎಂಜಿನ್ ಸತ್ತ ವಿಮಾನ ಅಷ್ಟು ಕೆಳಗೆ ರೆಕ್ಕೆ ಬಾಗಿಸಿದರೆ ಮಗುಚಿಬೀಳುತ್ತದೆಂಬುದು ನನಗೆ ತಿಳಿದದ್ದು ಆಮೇಲೆ, ಆಸ್ಪತ್ರೆಯಲ್ಲಿ.

ಅವನು ಲಿವರ್ ಎಳೆಯಲಿಲ್ಲ. ಹೊರೆಯ ಸಮೇತ ಈಚೆಯ ಸೂರ್ಯಕಾಂತಿಯ ಮೇಲೇ ಇಳಿಸಿದ. ಆ ಸೂರ್ಯಕಾಂತಿಯ ಯಜಮಾನರು ಮೂರನೆಯ ಸಾಲಿನಲ್ಲಿದ್ದಾರೆ. ನಗುತ್ತಿರುವಂತೆ ಕಾಣುತ್ತದೆ, ಆದರೆ ಅದು ನಗುವಲ್ಲ. ಗಾಲಿಗಳು ಕಿತ್ತುಹೋದವು. ಮೂತಿ ಮಣ್ಣು ಕಚ್ಚಿ ನಿಂತಾಗ, ವಿಮಾನಕ್ಕೂ ನನಗೂ ನಡುವೆ ಉಳಿದದ್ದು ಒಂದು ತರಗತಿಯ ಉದ್ದ. ನಾನು ಅವನ ಹೆಸರು ಹಿಡಿದು ಕೂಗಿದೆ. ಧೂಳಿನೊಳಗಿಂದ ಉತ್ತರ ಬಂತು: “ಇದ್ದೀನಿ ಕಣೇ ಅಕ್ಕಾ! ಮೊದಲು ಆ ಬಾವುಟ ಕೆಳಗಿಳಿಸು!”

ಆಸ್ಪತ್ರೆಯಲ್ಲಿ ಕೇಳಿದ, “ಓಡೋಕೇನಾಗಿತ್ತು ನಿಂಗೆ?”

“ನೀನು ರೆಕ್ಕೆ ಬಾಗಿಸಲಿಲ್ಲವಲ್ಲೋ.”

“ಅಯ್ಯೋ ಮಹಾತಾಯಿ, ಪ್ರಾಣ ಹೋಗೋವಾಗ್ಲೂ ಹಾಜರಿ ಕರೀತೀಯಾ? ನೀನು ಕೆಳಗೆ ನಿಲ್ಲೋದಾದ್ರೆ ನಾನಿನ್ನು ಹಾರಲ್ಲ.”

“ನಾನು ನಿಲ್ಲದೆ ನೀನು ಹಾರಕೂಡದು.”

ಹಾಲು ಕಾಯಿಸಿ ತಂದಿದ್ದ ಅವನ ಹೆಂಡತಿ ನಡುವೆ ಬಾಯಿಹಾಕಿದಳು: “ಇಬ್ಬರದೂ ಒಂದೇ ಹಟ. ಒಂದೇ ಕಾಲು ಮುರೀತಲ್ಲ, ಪುಣ್ಯ.”

ವಿಮಾನ ದುರಸ್ತಿಯಾಗಿದೆ, ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಕುಳಿತಿದೆ. ಮುಂದಿನ ಬೆಳೆಗೆ ಬರುತ್ತೀಯಾ ಎಂದು ನೀವು ಕೇಳಿದಾಗಲೆಲ್ಲ ಅವನು ಕಾಲು ತೋರಿಸುತ್ತಾನೆ. ಕಾರಣ ಕಾಲಲ್ಲ, ಸಭಿಕರೇ, ಕೆಳಗೆ ನಿಲ್ಲುವ ನಾನು. ಕೆರೆಯ ಕಥೆಯನ್ನು ಕಟ್ಟಿದವರು ನೀವು. ಓಡದೆ ನಿಂತ ಅಕ್ಕನ ಮರ್ಯಾದೆಗಾಗಿ ಅದನ್ನು ತಿದ್ದದೆ ಬಿಟ್ಟವನು ಅವನು. ತಪ್ಪು ವಾಕ್ಯದ ಆಸರೆಯಲ್ಲಿ ಉಳಿಯುವ ಮರ್ಯಾದೆ ನನಗೆ ಬೇಡ.

ಬೆಳೆಗಾರರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ನಿಮ್ಮ ಬದುಗಳ ಮೇಲೆ ಸುಣ್ಣ ಬಳಿದ ಕಂಬಗಳನ್ನು ನೆಡಿಸಿ. ನೇರವಾಗಿ ನೆಡಿಸಿ, ನಾನು ಬಂದು ನೋಡುತ್ತೇನೆ. ಕಂಬಗಳ ನೆತ್ತಿಗೆ ಔಷಧಿ ಬಿದ್ದರೆ ಯಾರೂ ಅಳುವುದಿಲ್ಲ. ಕಂಬಗಳಿಗೆ ಹಟವೂ ಇಲ್ಲ. ಈ ಬಾವುಟವನ್ನು ಮಡಿಸಿ ಅಧ್ಯಕ್ಷರ ಮುಂದಿಡುತ್ತಿದ್ದೇನೆ.

ನಾನು ಶೆಡ್ಡಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿರುತ್ತೇನೆ. ಕೆಲಸ ಮುಗಿಸಿ ಬರುವಾಗ, ಸಾಕಷ್ಟು ಎತ್ತರದಲ್ಲಿ, ಎಂಜಿನ್ ಸರಿಯಿದ್ದರೆ ಮಾತ್ರ, ರೆಕ್ಕೆಯನ್ನೊಮ್ಮೆ ಬಾಗಿಸಿದರೆ ಸಾಕು. ಒಪ್ಪಿಗೆಯೇನೋ ತಮ್ಮಾ?

ತಲೆಯಾಡಿಸಿದರೆ ಸಾಲದು. ಗಟ್ಟಿಯಾಗಿ ಹೇಳು, ಹಿಂದಿನ ಸಾಲಿಗೂ ಕೇಳಿಸಲಿ.

ಹ್ಞಾಂ. ಕೇಳಿಸಿತು.

ಸಹನೆಯಿಂದ ಆಲಿಸಿದ ನಿಮಗೂ, ಎರಡು ಮಾತನ್ನು ಎಣಿಸದೆ ಬಿಟ್ಟ ಅಧ್ಯಕ್ಷರಿಗೂ ಕೃತಜ್ಞಳಾಗಿದ್ದೇನೆ. ಉತ್ತರ ಬಂದಾಯಿತು, ಇನ್ನು ನಾನು ಇಲ್ಲಿಂದ ಸರಿಯಬಹುದು. ನಮಸ್ಕಾರ.