ಹನ್ನೊಂದೂವರೆ ಇಂಚು

ಸಭೆಯ ಹಿರಿಯರಿಗೆ, ನಮ್ಮ ಟ್ರ್ಯಾಕ್ಟರ್ ವರ್ಕ್‌ಶಾಪಿನ ಒಡನಾಡಿಗಳಿಗೆ, ಮುಂದಿನ ಸಾಲಿನಲ್ಲಿ ಕೂತಿರುವವರಿಗೆ — ಇವತ್ತು ನಾವು ನೆನೆಯುತ್ತಿರುವ ಅಕ್ಕನ ಮಗಳಿಗೆ, ತಮ್ಮನಿಗೆ — ನನ್ನ ನಮಸ್ಕಾರ. ನನಗೆ ಭಾಷಣ ಬರುವುದಿಲ್ಲ. ಆದರೂ ಇವತ್ತು ನಾನೇ ಮಾತಾಡಬೇಕು ಎಂದು ಹಟ ಹಿಡಿದೆ. ಯಾಕೆ ಎಂಬುದು ಗೊತ್ತಾಗುತ್ತದೆ — ಸ್ವಲ್ಪ ತಾಳಿ.

ಹೋದ ಗುರುವಾರ ನಮ್ಮನ್ನು ಅಗಲಿದ ಆ ಹೆಣ್ಣುಮಗಳು ಮೂವತ್ತು ವರ್ಷ ನಮ್ಮಲ್ಲಿ ಕಬ್ಬಿಣ ಕಡೆಯುವ ಲೇತ್ ನಡೆಸಿದರು. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿತ್ತು; ನಮಗೆಲ್ಲ ಅವರು ಅಳತೆಯಕ್ಕ. ಅವರ ಕೈಚೀಲದಲ್ಲಿ ಕನ್ನಡಿ, ಬಾಚಣಿಗೆ ಇರುತ್ತಿತ್ತೋ ಇಲ್ಲವೋ, ಕೂದಲೆಳೆಯಷ್ಟನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ ಅಂತೂ ಇರುತ್ತಿತ್ತು. ಕ್ಯಾಂಟೀನಿನ ಬಿಸ್ಕತ್ತು ಮೊದಲಿಗಿಂತ ಸಣ್ಣದಾಗಿದೆ ಎಂದು ಅಳೆದು ತೋರಿಸಿ ಜಗಳ ತೆಗೆದವರು ಅವರು. ನಗಬಹುದು, ಅಕ್ಕ ಬೇಜಾರು ಮಾಡಿಕೊಳ್ಳುವುದಿಲ್ಲ.

ಅವರ ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಮೇಜು. ಅದರ ಮೇಲೆ ಹಳೆಯ ಕಾಲದ ಯಂತ್ರಗಳ ಪುಟ್ಟ ಮಾದರಿಗಳು — ಟ್ರ್ಯಾಕ್ಟರಿನ ಬೆಲ್ಟಿನಿಂದ ತಿರುಗುವ ಗರಗಸ, ಕಲ್ಲು ಒಡೆಯುವ ಯಂತ್ರ, ಉಗಿಬಂಡಿಯ ಎಂಜಿನ್ನು. ನಿಜವಾದ ಯಂತ್ರದ ಒಂದು ಅಡಿಗೆ ಇಲ್ಲಿ ಒಂದು ಇಂಚು. ಅಂಗಡಿಯಿಂದ ಬಿಡಿಭಾಗ ತಂದು ಅಂಟಿಸಿದ್ದಲ್ಲ. ಎಣ್ಣೆ ಡಬ್ಬಿಯ ತಗಡು, ಸೈಕಲ್ಲಿನ ಕಡ್ಡಿ, ಕೆಟ್ಟ ಗಡಿಯಾರದ ಹಲ್ಲುಚಕ್ರ — ಎಲ್ಲವನ್ನೂ ಕತ್ತರಿಸಿ, ಅರ ಹಾಕಿ, ಉಜ್ಜಿ ಮಾಡಿದ್ದು. ಸಾಸಿವೆಯಷ್ಟು ಸಣ್ಣ ತಿರುಪನ್ನೂ ತಾವೇ ಕಡೆಯುತ್ತಿದ್ದರು.

ಹನ್ನೆರಡು ವರ್ಷದ ಹಿಂದೆ, ಧಾನ್ಯದ ಗೋದಾಮಿನ ಅಂಗಳದಲ್ಲಿ, ಇಗೋ — ಇಲ್ಲಿ ಕೂತಿರುವ ಅವರ ತಮ್ಮ ಹಳೆಯ ಒಕ್ಕಣೆ ಯಂತ್ರಕ್ಕೆ ತೆನೆಯ ಸಿವುಡು ತಳ್ಳುತ್ತಿದ್ದಾಗ ಬಲಗೈ ಒಳಗೆ ತಿರುಗುವ ಡ್ರಮ್ಮಿಗೆ ಸಿಕ್ಕಿತು. ಮೊಳಕೈವರೆಗೆ ಹೋಯಿತು. ಹತ್ತು ದಿನದಲ್ಲಿ ಯಂತ್ರ ಗುಜರಿಗೆ ಹೋಯಿತು, ತಿಂಗಳಲ್ಲಿ ವರದಿ ಬಂತು. ನಕ್ಷೆಯ ಪ್ರಕಾರ, ಸಿವುಡು ಇಟ್ಟು ಒಳಗೆ ತಳ್ಳುವ ತಗಡಿನ ತಟ್ಟೆಯ ಅಂಚಿನಿಂದ ಡ್ರಮ್ಮಿಗೆ ಮೂವತ್ತೊಂದು ಇಂಚು, ತೋಳು ಪೂರ್ತಿ ಚಾಚಿದರೂ ತಲುಪದು, ಈತ ತಟ್ಟೆಯ ಮೇಲೆ ಬಗ್ಗಿ ಕೈ ಹಾಕಿದ್ದಾನೆ, ತಪ್ಪು ಈತನದೇ. ಕೆಲಸವೂ ಹೋಯಿತು.

ಆ ಯಂತ್ರದ ರಿಪೇರಿ ನಮ್ಮಲ್ಲೇ ಆಗುತ್ತಿತ್ತು, ಹಾಗಾಗಿ ವರದಿಯ ಕೆಳಗೆ ವರ್ಕ್‌ಶಾಪಿನ ಪರವಾಗಿ ಒಂದು ಸಹಿ ಇತ್ತು. ಆಗ ಫೋರ್‌ಮನ್ ಆಗಿದ್ದವನ ಸಹಿ — ನನ್ನದು.

ಅಕ್ಕ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಮೇಜಿನ ಮೇಲಿದ್ದ ಎಂಜಿನ್ನನ್ನು ಬದಿಗಿಟ್ಟು ಒಕ್ಕಣೆ ಯಂತ್ರದ ಮಾದರಿ ಶುರು ಮಾಡಿದರು. ಯಂತ್ರವೇ ಇಲ್ಲ, ಅಳೆಯುವುದು ಏನನ್ನು? ಒಂದು ನಕ್ಷೆ ಇತ್ತು, ಒಂದು ಫೋಟೋ ಇತ್ತು. ಫೋಟೋದಲ್ಲಿ ತಮ್ಮ, ಯಂತ್ರದ ಪಕ್ಕದಲ್ಲಿ, ಬಲಗೈಯನ್ನು ತಟ್ಟೆಯ ಮೇಲೆ ಚಪ್ಪಟೆಯಾಗಿಟ್ಟು ನಿಂತಿದ್ದಾರೆ.

ಆ ದಿನಗಳಲ್ಲಿ ಅಕ್ಕನ ತಮ್ಮ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರಂತೆ. ಅಕ್ಕ ಹಾಸಿಗೆಯ ಅಂಚಿಗೆ ಕೂತು, "ಕೈ ಕೊಡು, ಅಳೀಬೇಕು" ಅಂದರು. ಇವರು, "ಯಾವ ಕೈ ಅಕ್ಕಾ?" ಅಂದರಂತೆ. ಅವರು, "ಇರೋದು" ಅಂದರು.

ಎಡ ಅಂಗೈ ಏಳು ಇಂಚು. ಬಲಗೈಯೂ ಅಷ್ಟೇ ಇದ್ದಿರಬೇಕಲ್ಲ? ನಕ್ಷೆಯ ಪ್ರಕಾರ ತಟ್ಟೆಯಲ್ಲಿ ಅಂಥ ನಾಲ್ಕು ಅಂಗೈ ಹಿಡಿದು ಇನ್ನೂ ಜಾಗ ಉಳಿಯಬೇಕು. ಫೋಟೋದಲ್ಲಿ ಮೂರೂ ಹಿಡಿಯುತ್ತಿರಲಿಲ್ಲ.

ಮರುದಿನ ನನ್ನ ಮೇಜಿನ ಮುಂದೆ ಬಂದು ನಿಂತರು. "ಸಾರ್, ಹಿಂದೆ ರಿಪೇರಿಗೆ ಬಂದಾಗ ಆ ತಟ್ಟೆ ಕತ್ತರಿಸಿದ್ರಾ?" ನಾನು ನೆನಪಿಲ್ಲ ಅಂದೆ.

ಸುಳ್ಳು. ನೆನಪಿತ್ತು. ಅಂಚು ತುಕ್ಕು ಹಿಡಿದಿತ್ತು, ಹೊಸ ತಗಡು ಬರುವುದು ತಡವಾಗುತ್ತಿತ್ತು, ಅಷ್ಟನ್ನು ಕೊಯ್ದು ಕಳಿಸಿ ಎಂದು ಹೇಳಿದವನು ನಾನೇ.

ಅಕ್ಕ ನನ್ನ ಮುಖವನ್ನೇ ನೋಡಿದರು. "ಪರವಾಗಿಲ್ಲ ಸಾರ್. ಅಳೆದ್ರೆ ಗೊತ್ತಾಗುತ್ತೆ."

ಹದಿನಾಲ್ಕು ತಿಂಗಳು, ಸ್ನೇಹಿತರೇ. ದಿನವಿಡೀ ನನ್ನ ಕಣ್ಣೆದುರೇ ಲೇತ್ ನಡೆಸಿದರು. ಆ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅರ್ಜಿ ಮೇಲೆ ಅರ್ಜಿ ಬರೆದು ಮರುತನಿಖೆ ಮಾಡಿಸಿಕೊಂಡರು. ತನಿಖೆಯ ದಿನ ಮಾದರಿಯನ್ನು ಬಟ್ಟೆಯಲ್ಲಿ ಸುತ್ತಿ, ಎಳೆಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು.

ತನಿಖಾಧಿಕಾರಿಯ ಮೇಜಿನ ಮೇಲೆ ಇಟ್ಟರು. ಪುಟ್ಟ ಟ್ರ್ಯಾಕ್ಟರ್, ದಾರದಷ್ಟು ಸಣ್ಣ ಬೆಲ್ಟು, ಗರಗರ ತಿರುಗುವ ಡ್ರಮ್ಮು. ಪಕ್ಕದಲ್ಲಿ ತಮ್ಮನ ಅಳತೆಯದೇ ತಂತಿಯ ಗೊಂಬೆ. ಜೊತೆಗೆ ಎರಡು ತಟ್ಟೆ. ನಕ್ಷೆಯ ತಟ್ಟೆ ಸಿಕ್ಕಿಸಿ ಗೊಂಬೆಯ ಕೈ ಚಾಚಿಸಿದರು — ಡ್ರಮ್ಮಿಗೆ ತಲುಪಲಿಲ್ಲ. ಫೋಟೋದ ತಟ್ಟೆ ಸಿಕ್ಕಿಸಿದರು. ಒಂದು ಮೊಳ, ಮೇಲೆ ಎರಡು ಬೆರಳು, ಅಷ್ಟೇ ದೂರ. ಗೊಂಬೆ ಬಗ್ಗಲೇ ಇಲ್ಲ, ನೆಟ್ಟಗೆ ನಿಂತೇ ಇತ್ತು. ಕೈ — ಟಣ್ ಎಂದು ಹಾರಿ ಅಧಿಕಾರಿಯ ಕಡತದ ಮೇಲೆ ಬಿತ್ತು.

ಅಕ್ಕನ ತಮ್ಮ ತಲೆ ತಗ್ಗಿಸಿಕೊಂಡರು. ಅಧಿಕಾರಿ, ಯಂತ್ರಕ್ಕೆ ಇದ್ದದ್ದು ಈ ಎರಡರಲ್ಲಿ ಯಾವ ತಟ್ಟೆ ಎಂದು ಕೇಳಿದರು. ಅಕ್ಕ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಬಹುಶಃ ಕೂತೇ ಇರುತ್ತಿದ್ದೆನೇನೋ. ಎದ್ದೆ. "ಕತ್ತರಿಸಿದ್ದು ನಾನು ಸಾರ್. ಒಂದು ಅಡಿ" ಅಂದೆ.

ಅಕ್ಕ ಅಲ್ಲಿಂದಲೇ ಹೇಳಿದರು: "ಒಂದು ಅಡಿ ಅಲ್ಲ. ಹನ್ನೊಂದೂವರೆ ಇಂಚು."

ವರದಿಯಿಂದ ತಮ್ಮನ ತಪ್ಪು ಎಂಬ ಮಾತು ಹೋಯಿತು. ಅವರನ್ನು ಮತ್ತೆ ಕೆಲಸಕ್ಕೆ ಕರೆದರು. ಇವತ್ತು ಯಂತ್ರ ನಡೆಸುವವರಿಗೆಲ್ಲ ತರಬೇತಿ ಕೊಡುವವರು ಅವರೇ. ಸುತ್ತಲಿನ ಅಷ್ಟೂ ಒಕ್ಕಣೆ ಯಂತ್ರಗಳಿಗೆ ಕಬ್ಬಿಣದ ತಡೆ ಬಂತು. ನನ್ನ ಫೋರ್‌ಮನ್ ಕುರ್ಚಿ ಹೋಯಿತು — ಹೋಗಬೇಕಾದದ್ದೇ. ಮತ್ತೆ ಅರ ಹಿಡಿದು ಸಾಮಾನ್ಯ ಫಿಟ್ಟರ್ ಆಗಿ ನಿಂತೆ. ಮೊದಲ ವಾರ ಯಾರೂ ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ. ಎರಡನೇ ವಾರ ಅಕ್ಕ ಒಂದು ಹಿತ್ತಾಳೆ ತುಂಡು ತಂದು ನನ್ನ ಮುಂದಿಟ್ಟು, "ಅಣ್ಣಾ, ಎಂಜಿನ್ನಿಗೆ ಚಕ್ರ ಬೇಕು, ಮಾಡಿಕೊಡಿ" ಅಂದರು. ಸಾರ್ ಹೋಗಿ ಅಣ್ಣ ಆದದ್ದು ಅವತ್ತು. ಕ್ಷಮಿಸಿದೆ ಎಂದು ಅವರು ಯಾವತ್ತೂ ಹೇಳಲಿಲ್ಲ. ನಾನು ಮಾಡಿದ ಮೊದಲ ನಾಲ್ಕು ಚಕ್ರಗಳನ್ನು ಅಳೆದು ನೋಡಿ ಡಬ್ಬಿಗೆ ಎಸೆದರು. ಐದನೆಯದನ್ನು ಇಟ್ಟುಕೊಂಡರು.

ಈಗ ಮೇಲಿನ ಕಚೇರಿಯವರು ಆ ಒಕ್ಕಣೆ ಯಂತ್ರದ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಗೌರವಿಸುತ್ತೇವೆ ಅನ್ನುತ್ತಿದ್ದಾರೆ. ಅವರ ದೊಡ್ಡತನಕ್ಕೆ ಕೃತಜ್ಞರು. ಆದರೆ ಮಗಳೂ ತಮ್ಮನೂ ಬೇಡ ಎಂದಿದ್ದಾರೆ, ನಾನೂ ಬೇಡ ಅನ್ನುತ್ತೇನೆ. ಅದು ನೋಡುವ ವಸ್ತು ಅಲ್ಲ, ನಡೆಸುವ ವಸ್ತು. ಬರುವ ಸೋಮವಾರದಿಂದ ಅದು ತರಬೇತಿ ಕೋಣೆಯ ಮೇಜಿನ ಮೇಲೆ ಇರುತ್ತದೆ. ಪ್ರತಿ ಹೊಸ ತಂಡದ ಮುಂದೆ ಅಕ್ಕನ ತಮ್ಮ ಬೆಲ್ಟು ತಿರುಗಿಸುತ್ತಾರೆ. ಪಕ್ಕದಲ್ಲಿ ನಾನು ನಿಂತು, ತಟ್ಟೆ ಕತ್ತರಿಸಿದವನು ನಾನು, ಹದಿನಾಲ್ಕು ತಿಂಗಳು ಸುಮ್ಮನಿದ್ದವನೂ ನಾನು ಎಂದು ಹೇಳುತ್ತೇನೆ. ನಿಲ್ಲಲು ಕಾಲಿಗೆ ಶಕ್ತಿ ಇರುವವರೆಗೆ ಹೇಳುತ್ತೇನೆ.

ಇನ್ನು — ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕೈಗಳನ್ನು ಕಟ್ಟಿಕೊಳ್ಳಬೇಡಿ, ಹಾಗೇ ಇಳಿಬಿಡಿ. ಎರಡು ನಿಮಿಷ. ಪೂರ್ತಿ ಎರಡು ನಿಮಿಷ — ಅಕ್ಕನಿಗಾಗಿ.